ಭಾರ ಎಲ್ಲಿ ಬೀಳುತ್ತದೆ?

ಮೈಯ ಬಲ, ಸಮತೋಲ, ಚಲನೆ ಕುರಿತ ಪ್ರಶ್ನೆಗಳನ್ನು ಕಳಿಸಿ ಎಂದು ಕೇಳಿದ್ದಕ್ಕೆ ಈ ಸಲ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಿಂದಲೇ ಹೆಚ್ಚು ಪತ್ರಗಳು ಬಂದಿವೆ. ಬಹುತೇಕ ಪ್ರಶ್ನೆಗಳು ದುಡಿಮೆಯ ನಡುವೆ ಎದ್ದವು. ಅದು ನನಗೆ ಬಹಳ ಸಂತೋಷ ಕೊಟ್ಟಿದೆ. ಕೆಲವಕ್ಕೆ ವಿವರವಾಗಿಯೇ ಉತ್ತರಿಸಿದ್ದೇನೆ.

ಮೇಷ್ಟ್ರೇ, ನಾನು ಪಿಯುಸಿ ಓದುತ್ತಿದ್ದೇನೆ. ನಮ್ಮ ಸೋದರಮಾವ ಪೂಜಾ ಕುಣಿತದವರು. ಆಳೆತ್ತರದ ಪೂಜೆಯನ್ನು ತಲೆ ಮೇಲೆ ಹೊತ್ತು, ಎರಡೂ ಕೈ ಬಿಟ್ಟು, ತಮಟೆ ಏಟಿಗೆ ಸರಿಯಾಗಿ ಕುಣಿಯುತ್ತಾರೆ. ನಾನು ಅಭ್ಯಾಸಕ್ಕೆಂದು ಒಂದಡಿ ಬಿದಿರುಕೋಲನ್ನು ನೆತ್ತಿ ಮೇಲೆ ನಿಲ್ಲಿಸಲು ನೋಡಿದರೆ ತಕ್ಷಣ ಬಿದ್ದುಹೋಗುತ್ತದೆ. ಚಿಕ್ಕದೇ ನಿಲ್ಲದ ಮೇಲೆ ಅಷ್ಟು ದೊಡ್ಡದು ನಿಲ್ಲುವುದು ಹೇಗೆ?
— ವಿದ್ಯಾರ್ಥಿ, ರಾಮನಗರ ತಾಲ್ಲೂಕು

ಅಭ್ಯಾಸಕ್ಕೆ ನೀನು ಆರಿಸಿಕೊಂಡದ್ದೇ ಕಷ್ಟದ ಕೋಲು, ತಮ್ಮಾ. ಗಿಡ್ಡ ಕೋಲಿಗಿಂತ ಉದ್ದ ಕೋಲನ್ನು ನಿಲ್ಲಿಸುವುದು ಸುಲಭ. ಮನೆಯಲ್ಲಿ ಪೊರಕೆಯ ಉದ್ದನೆಯ ಹಿಡಿಯನ್ನು ಒಮ್ಮೆ, ಪೆನ್ಸಿಲನ್ನು ಒಮ್ಮೆ ಅಂಗೈ ಮೇಲೆ ನಿಲ್ಲಿಸಿ ನೋಡು, ಗೊತ್ತಾಗುತ್ತದೆ.

ನೆಟ್ಟಗೆ ನಿಂತ ಯಾವ ಕೋಲೂ ನಿಜವಾಗಿ ನಿಂತಿರುವುದಿಲ್ಲ, ಸದಾ ಬೀಳುತ್ತಲೇ ಇರುತ್ತದೆ. ಅದರ ಗುರುತ್ವಕೇಂದ್ರ ಬುಡದಿಂದ ಕೂದಲೆಳೆಯಷ್ಟು ಆಚೆ ಹೋದರೂ ಸಾಕು, ಭೂಮಿಯ ಸೆಳೆತ ಅದನ್ನು ಇನ್ನಷ್ಟು ವಾಲಿಸುತ್ತದೆ. ವಾಲಿದಷ್ಟೂ ಬೀಳುವ ವೇಗ ಹೆಚ್ಚು. ಆದರೆ ಉದ್ದವಾದ ವಸ್ತುವಿನ ಭಾರ ಬುಡದಿಂದ ದೂರದಲ್ಲಿ ಹರಡಿರುವುದರಿಂದ ಅದು ತಿರುಗಲು ಹಿಂಜರಿಯುತ್ತದೆ. ಈ ಹಿಂಜರಿಕೆಗೆ ಭೌತವಿಜ್ಞಾನದಲ್ಲಿ ಜಡತ್ವ ಮಹತ್ವ ಎಂದು ಹೆಸರು. ಲೆಕ್ಕ ಹಾಕಿದರೆ 30 ಸೆಂಟಿಮೀಟರ್ ಕೋಲಿನ ವಾಲು ಸುಮಾರು 0.14 ಸೆಕೆಂಡಿಗೊಮ್ಮೆ ಎರಡೂಮುಕ್ಕಾಲು ಪಟ್ಟು ಬೆಳೆಯುತ್ತದೆ. 2 ಮೀಟರ್ ಕೋಲಿಗೆ ಅಷ್ಟೇ ಬೆಳೆಯಲು ಸುಮಾರು 0.37 ಸೆಕೆಂಡು ಬೇಕು.

ಈಗ ನಿನ್ನ ಮೈಯ ಕಡೆಗೆ ಬಾ. ಕಣ್ಣು ನೋಡಿ, ಮಿದುಳಿಗೆ ಸುದ್ದಿ ಮುಟ್ಟಿ, ಸ್ನಾಯು ಅಲುಗಲು ಹೆಚ್ಚೂಕಡಿಮೆ 0.2 ಸೆಕೆಂಡು ಹಿಡಿಯುತ್ತದೆ. ಅಷ್ಟರೊಳಗೆ ಗಿಡ್ಡ ಕೋಲಿನ ವಾಲು ನಾಲ್ಕು ಪಟ್ಟಾಗಿರುತ್ತದೆ. ಉದ್ದ ಕೋಲಿನದು ಎರಡು ಪಟ್ಟೂ ಆಗಿರುವುದಿಲ್ಲ. ನೀನು ಸೋಲುವುದು ಭಾರಕ್ಕಲ್ಲ, ಸಮಯಕ್ಕೆ. ಮಾವನವರ ಪೂಜೆ ಎತ್ತರವೂ ಹೌದು, ಅಗಲವೂ ಹೌದು. ಬಿದಿರಿನ ಚೌಕಟ್ಟು, ಅದರ ಮೇಲೆ ಹರಡಿದ ಸೀರೆ, ನಡುವೆ ದೇವಿಯ ಮುಖ, ಇವೆಲ್ಲ ಅಕ್ಕಪಕ್ಕಕ್ಕೆ ಚಾಚಿಕೊಂಡಿರುವುದರಿಂದ ತಿರುಗುವುದು ಇನ್ನೂ ನಿಧಾನವಾಗುತ್ತದೆ. ಬುಡಕ್ಕೆ ಒಂದಿಷ್ಟು ಅಗಲವೂ ಇದೆ. ಹಾಗಾಗಿ ಅವರಿಗೆ ಸರಿಪಡಿಸಿಕೊಳ್ಳಲು ಹೊತ್ತು ಸಿಗುತ್ತದೆ.

ಆದರೆ ಹೊತ್ತು ಸಿಕ್ಕ ಮಾತ್ರಕ್ಕೆ ಕಲೆ ಬರುವುದಿಲ್ಲ. ತಲೆ ಮೇಲಿರುವುದನ್ನು ಕುಣಿಯುವವರು ನೋಡಲಾರರು. ಅವರ ಕಣ್ಣು ಎದುರಿನ ಒಂದು ಕಡೆ ನೆಟ್ಟಿರುತ್ತದೆ. ಪೂಜೆ ಯಾವ ಕಡೆ ವಾಲುತ್ತಿದೆ ಎಂಬುದನ್ನು ತಿಳಿಸುವುದು ಕತ್ತಿನ ಸ್ನಾಯುಗಳು. ಅವುಗಳೊಳಗಿನ ಸೂಕ್ಷ್ಮ ಸಂವೇದಕಗಳು ಎಳೆತದ ವ್ಯತ್ಯಾಸವನ್ನು ಕಣ್ಣಿಗಿಂತ ಎಷ್ಟೋ ಬೇಗ ಗುರುತಿಸುತ್ತವೆ. ಜೊತೆಗೆ ಒಳಕಿವಿಯ ಮೂರು ಅರ್ಧವೃತ್ತ ನಾಳಗಳು ತಲೆ ತಿರುಗಿದ್ದನ್ನು ಹೇಳುತ್ತವೆ, ಅಂಗಾಲು ನೆಲದ ಒತ್ತಡವನ್ನು ಹೇಳುತ್ತದೆ. ಪೂಜೆ ಎಡಕ್ಕೆ ವಾಲಿದರೆ ಹೊತ್ತವರು ಅದನ್ನು ಬಲಕ್ಕೆ ತಳ್ಳುವುದಿಲ್ಲ, ತಾವೇ ಎಡಕ್ಕೆ ಒಂದು ಹೆಜ್ಜೆ ಹೋಗಿ ಅದರ ಕೆಳಗೆ ಬರುತ್ತಾರೆ. ನೋಡುವವರಿಗೆ ಅದು ಕುಣಿತದ ಹೆಜ್ಜೆ, ಹೊತ್ತವರಿಗೆ ಅದೇ ಸಮತೋಲದ ಹೆಜ್ಜೆ. ಮಂಡಿಯನ್ನು ತುಸು ಬಗ್ಗಿಸಿಯೇ ಕುಣಿಯುವುದನ್ನು ಗಮನಿಸಿದ್ದೀಯಾ? ಹೆಜ್ಜೆಯ ಏಟು ನೆತ್ತಿಗೆ ಮುಟ್ಟದಂತೆ ಮಂಡಿಯೇ ಅದನ್ನು ನುಂಗಿಕೊಳ್ಳುತ್ತದೆ.

ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ನಿಮ್ಮೂರ ಹತ್ತಿರದಲ್ಲೇ ಇದೆ. ಅಲ್ಲಿ ಪೂಜಾ ಕುಣಿತ, ಪಟ ಕುಣಿತ ಏರ್ಪಟ್ಟಾಗ ಹೋಗಿ, ಪೂಜೆಯನ್ನು ಬಿಟ್ಟು ಪಾದಗಳನ್ನಷ್ಟೇ ನೋಡು. ಅಭ್ಯಾಸಕ್ಕೆ ಆರಡಿಯ ಕೋಲು ತೆಗೆದುಕೋ. ಮೊದಲು ಅಂಗೈ ಮೇಲೆ ನಿಲ್ಲಿಸು, ನೆತ್ತಿಯ ಮಾತು ಆಮೇಲೆ.

ಬೇಸಿಗೆ ಬಂದರೆ ನಮ್ಮೂರಲ್ಲಿ ನಲ್ಲಿ ನಿಂತುಹೋಗುತ್ತೆ, ದೂರದ ಬೋರ್‌ವೆಲ್‌ನಿಂದ ನೀರು ಹೊರಬೇಕು. ನಾನು ಬಿಂದಿಗೆ ಇಟ್ಟುಕೊಳ್ಳೋದು ಬಲಗಡೆ ಸೊಂಟದ ಮೇಲೆ, ನೋವು ಬರೋದು ಎಡಗಡೆ ಸೊಂಟಕ್ಕೆ. ಇದೇನು ವಿಚಿತ್ರ? ನಮ್ಮತ್ತೆ ತಲೆ ಮೇಲೆ ಹೊರು ಅಂತಾರೆ. ಕತ್ತು ಸವೆದುಹೋಗಲ್ಲವಾ?
— ಗೃಹಿಣಿ, ಮಾಗಡಿ ತಾಲ್ಲೂಕು

ವಿಚಿತ್ರವೇನಿಲ್ಲ ತಾಯಿ, ನಿಮ್ಮ ಮೈ ಸರಿಯಾದ ಲೆಕ್ಕವನ್ನೇ ಹೇಳುತ್ತಿದೆ. ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ಸ್ವಲ್ಪ ಹೊತ್ತು ನಾವು ಒಂಟಿಕಾಲಿನಲ್ಲಿರುತ್ತೇವೆ. ಬಲಗಾಲು ಎತ್ತಿದಾಗ ಮೈಯ ಭಾರ, ಬಿಂದಿಗೆಯ ಭಾರ ಎರಡೂ ಎಡ ಸೊಂಟದ ಕೀಲಿನ ಮೇಲೆ ನಿಲ್ಲಬೇಕು. ಆ ಕೀಲನ್ನು ತಕ್ಕಡಿಯ ನಡುಮುಳ್ಳು ಎಂದುಕೊಳ್ಳಿ. ಬಿಂದಿಗೆ ಇರುವುದು ಅದರಿಂದ ಸುಮಾರು 30 ಸೆಂಟಿಮೀಟರ್ ಆಚೆ. ಸೊಂಟ ಬಲಕ್ಕೆ ಕುಸಿಯದಂತೆ ಹಿಡಿದೆಳೆಯುವ ಸ್ನಾಯು ಇರುವುದು ಕೀಲಿನ ಇನ್ನೊಂದು ಕಡೆ, ಬರೀ 6 ಸೆಂಟಿಮೀಟರ್ ದೂರದಲ್ಲಿ. ದೂರ ಐದರಲ್ಲಿ ಒಂದು ಪಾಲಾದರೆ ಬಲ ಐದು ಪಟ್ಟು ಬೇಕು. 12 ಕಿಲೋ ಬಿಂದಿಗೆಗಾಗಿಯೇ ಆ ಸ್ನಾಯು 60 ಕಿಲೋ ತೂಕದಷ್ಟು ಎಳೆಯಬೇಕು, ಅದೂ ಪ್ರತಿ ಎಡ ಹೆಜ್ಜೆಗೆ. ಮೈಯ ಸ್ವಂತ ಭಾರದ ಲೆಕ್ಕ ಬೇರೆ. ಬಿಂದಿಗೆಗೆ ಎದುರಾಗಿ ಮೈ ಎಡಕ್ಕೆ ವಾಲುವುದರಿಂದ ನೋವು ಸ್ವಲ್ಪ ತಪ್ಪುತ್ತದೆ, ಆದರೆ ಬೆನ್ನುಮೂಳೆ ಡೊಂಕಾಗಿ ನಿಲ್ಲುತ್ತದೆ.

ತಲೆಯ ಮೇಲಿಟ್ಟರೆ ಭಾರದ ಗೆರೆ ನೆತ್ತಿಯಿಂದ ಕತ್ತು, ಬೆನ್ನುಮೂಳೆ, ಸೊಂಟದ ನಡುವೆ ನೇರ ಇಳಿಯುತ್ತದೆ. ಪಕ್ಕಕ್ಕೆ ಜಗ್ಗುವ ದೂರ ತೀರಾ ಕಡಿಮೆಯಾಗುತ್ತದೆ. ಈ ವಿಷಯದಲ್ಲಿ ನಿಮ್ಮತ್ತೆಯವರ ಮಾತಿನ ಪಕ್ಕದಲ್ಲಿ ವಿಜ್ಞಾನವೂ ನಿಲ್ಲುತ್ತದೆ. ಪೂರ್ವ ಆಫ್ರಿಕಾದ ಲುವೊ, ಕಿಕುಯು ಹೆಂಗಸರು ಹೊರೆ ಹೊತ್ತು ನಡೆಯುವಾಗ ಎಷ್ಟು ಆಮ್ಲಜನಕ ಬಳಸುತ್ತಾರೆ ಎಂದು ಅಳೆದ ಅಧ್ಯಯನವೊಂದು 1986ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಮೈತೂಕದ ಐದನೇ ಒಂದು ಭಾಗದವರೆಗಿನ ಹೊರೆಗೆ ಅವರು ಹೆಚ್ಚುವರಿ ಶಕ್ತಿಯನ್ನೇ ವ್ಯಯಿಸುತ್ತಿರಲಿಲ್ಲ. ನಡೆಯುವಾಗ ನಮ್ಮ ಮೈ ಪ್ರತಿ ಹೆಜ್ಜೆಗೂ ಮೇಲೇರಿ ಕೆಳಗಿಳಿಯುತ್ತದೆ. ಇಳಿಯುವಾಗ ಬಿಟ್ಟ ಶಕ್ತಿಯನ್ನು ಮುಂದಿನ ಹೆಜ್ಜೆಗೆ ಬಳಸಿಕೊಳ್ಳುವುದರಲ್ಲಿ ಅವರು ಪಳಗಿದ್ದರು. 1995ರಲ್ಲಿ ಅದೇ ತಂಡದ ಕೆಲವರು ಕೊಟ್ಟ ವಿವರಣೆ ಇದೇ. ಆದರೆ ಇಂಥ ನಡಿಗೆ ಚಿಕ್ಕಂದಿನಿಂದ ಹೊತ್ತು ಬಂದವರಿಗೆ ಸಿದ್ಧಿಸುವಂಥದ್ದು, ಇವತ್ತು ಶುರು ಮಾಡಿದರೆ ನಾಳೆ ಬರುವುದಿಲ್ಲ.

ನಿಮ್ಮದೇ ತಾಲ್ಲೂಕಿನ ಹುಲಿಕಲ್ಲಿನಲ್ಲಿ ಸಾಲುಮರದ ತಿಮ್ಮಕ್ಕ ಗಂಡನ ಜೊತೆ ಬಿಂದಿಗೆಗಳಲ್ಲಿ ನೀರು ಹೊತ್ತು, ಹುಲಿಕಲ್ಲು–ಕುದೂರು ದಾರಿಯಲ್ಲಿ ಆಲದ ಸಸಿಗಳನ್ನು ಸಾಕಿದರು. ಆ ಮರಗಳ ನೆರಳಲ್ಲಿ ಹೋಗುವಾಗ ಅಷ್ಟು ದೂರ ಅಷ್ಟು ನೀರು ಹೊತ್ತ ಕತ್ತು, ಕಾಲುಗಳನ್ನೂ ನೆನೆಯಬೇಕು ಎಂದು ನನಗನ್ನಿಸುತ್ತದೆ.

ಇನ್ನು ಕತ್ತಿನ ಮಾತು. ನಿಮ್ಮ ತೂಕ 50 ಕಿಲೋ ಇದ್ದರೆ ತಲೆಯ ಮೇಲೆ 10 ಕಿಲೋ ಮೀರದಿರಲಿ. ಸಿಂಬೆ ಇಲ್ಲದೆ ಹೊರಬೇಡಿ, ಅದು ಭಾರವನ್ನು ಒಂದೇ ಬಿಂದುವಿಗೆ ಬೀಳಗೊಡದೆ ಹರಡುತ್ತದೆ. ಕತ್ತುನೋವು, ತಲೆಸುತ್ತು, ಕೈ ಜೋಮು ಇರುವವರು ತಲೆಯ ಮೇಲೆ ಹೊರಲೇಬಾರದು. ಅಂಥವರು ಒಂದು ದೊಡ್ಡ ಬಿಂದಿಗೆಯ ಬದಲು ಎರಡು ಚಿಕ್ಕ ಕೊಡ ತೆಗೆದುಕೊಂಡು ಎರಡು ಕೈಯಲ್ಲಿ ಸಮವಾಗಿ ಹಿಡಿಯಲಿ. ಎಲ್ಲಕ್ಕಿಂತ ಅಪಾಯದ ಗಳಿಗೆ ನೆಲದಿಂದ ಎತ್ತುವಾಗಿನದು. ಬಗ್ಗಿ ಕೈ ಚಾಚಿ ಎತ್ತಿದರೆ ಭಾರ ಬೆನ್ನಿನಿಂದ 40 ಸೆಂಟಿಮೀಟರ್ ದೂರ ಇರುತ್ತದೆ, ಬೆನ್ನಿನ ಸ್ನಾಯು ಮೂಳೆಯಿಂದ 5 ಸೆಂಟಿಮೀಟರ್ ದೂರದಲ್ಲಿದೆ. 20 ಕಿಲೋ ಭಾರಕ್ಕೆ 160 ಕಿಲೋ ಎಳೆತ. 50 ಕಿಲೋ ರಾಗಿ ಮೂಟೆಗೆ 400. ಇದಿಷ್ಟೂ ಸೊಂಟದ ಬೆನ್ನುಮೂಳೆಯ ನಡುವಿನ ಮೆತ್ತೆಗಳ ಮೇಲೆ ಬೀಳುತ್ತದೆ. ಕುಕ್ಕರಗಾಲಲ್ಲಿ ಕೂತು, ಭಾರವನ್ನು ಹೊಟ್ಟೆಗೆ ಅವುಚಿಕೊಂಡು, ಕಾಲಿನ ಬಲದಿಂದ ಏಳಿ. ತಲೆಗೆ ಏರಿಸಲು ಇನ್ನೊಬ್ಬರು ಕೈಕೊಡಲಿ. ಮನೆಯ ಗಂಡಸರಿಗೂ ಈ ಭಾಗವನ್ನು ಓದಿ ಹೇಳಿ, ನೀರು ಹೊರುವುದು ಹೆಂಗಸರ ಕೆಲಸ ಮಾತ್ರ ಎಂದು ಭೌತವಿಜ್ಞಾನದ ಯಾವ ನಿಯಮವೂ ಹೇಳುವುದಿಲ್ಲ.

ಗೊಂಬೆ ಕೆಲಸ ಮಾಡುತ್ತೇನೆ. ದಿನವಿಡೀ ಲೇತ್ ಮುಂದೆ ನಿಂತು ಹಾಲೆ ಮರ ಕಡೆದು ಅರಗು ಹಾಕಬೇಕು. ಊರೆಲ್ಲ ನಡೆದರೂ ಬಾರದ ಕಾಲುನೋವು ಸುಮ್ಮನೆ ನಿಂತರೆ ಬರುತ್ತದಲ್ಲ?
— ಕುಶಲಕರ್ಮಿ, ಚನ್ನಪಟ್ಟಣ

ನಿಂತಾಗ ನಿಮ್ಮ ಮೈಯ ಭಾರದ ಗೆರೆ ಹರಡಿನ ಕೀಲಿನ ಮೇಲೆ ಬೀಳುವುದಿಲ್ಲ, ಅದಕ್ಕಿಂತ ನಾಲ್ಕೈದು ಸೆಂಟಿಮೀಟರ್ ಮುಂದೆ ಬೀಳುತ್ತದೆ. ಹಾಗಾಗಿ ಮೈ ಸದಾ ಮುಂದಕ್ಕೆ ಬೀಳಲು ನೋಡುತ್ತದೆ, ಮೀನಖಂಡ ಅದನ್ನು ಬಿಡುವಿಲ್ಲದೆ ಹಿಂದಕ್ಕೆ ಎಳೆಯುತ್ತಿರುತ್ತದೆ. ಎರಡೂ ಕಾಲಿನ ಎಳೆತ ಸೇರಿದರೆ ಹೆಚ್ಚೂಕಡಿಮೆ ಮೈತೂಕದಷ್ಟೇ ಆಗುತ್ತದೆ. ನಡೆಯುವಾಗ ಆ ಸ್ನಾಯು ಬಿಗಿದು ಸಡಿಲಾಗುತ್ತದೆ, ಪ್ರತಿ ಸಲ ಬಿಗಿದಾಗ ಕಾಲಿನ ರಕ್ತವನ್ನು ಹೃದಯದ ಕಡೆಗೆ ಮೇಲೆ ನೂಕುತ್ತದೆ. ನಿಂತೇ ಇದ್ದರೆ ಈ ನೂಕು ನಿಲ್ಲುತ್ತದೆ, ರಕ್ತ ಕಾಲಲ್ಲೇ ತಂಗುತ್ತದೆ.

ಲೇತ್ ಕೆಳಗೆ ಗೇಣೆತ್ತರದ ಮರದ ತುಂಡು ಇಟ್ಟು ಒಂದೊಂದು ಕಾಲನ್ನು ಸರದಿಯಂತೆ ಅದರ ಮೇಲಿಡಿ. ಗಂಟೆಗೊಮ್ಮೆಯಾದರೂ ಹಿಮ್ಮಡಿ ಎತ್ತಿ ಇಳಿಸಿ. ಕೆಲಸ ಬಗ್ಗಿ ನೋಡುವಷ್ಟು ತಗ್ಗಿನಲ್ಲಿದ್ದರೆ ಭಾರದ ಗೆರೆ ಇನ್ನಷ್ಟು ಮುಂದೆ ಹೋಗುತ್ತದೆ, ಲೇತನ್ನೇ ಎತ್ತರಿಸಿ.

ರೇಷ್ಮೆ ಹುಳು ಗೂಡು ಕಟ್ಟುವಾಗ ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತಲೇ ಇರುವುದು ಏಕೆ?
— ರೀಲರ್, ರಾಮನಗರ

ಹುಳು ನೂಲನ್ನು ಬಾಯಿಂದ ಉಗುಳುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ನಿಜದಲ್ಲಿ ಅದು ನೂಲನ್ನು ಎಳೆಯುತ್ತದೆ. ಹಣ್ಣಾದ ಹುಳುವಿನೊಳಗೆ ರೇಷ್ಮೆ ದ್ರವವಾಗಿರುತ್ತದೆ. ಅದರ ತುದಿಯನ್ನು ಗೂಡು ಕಟ್ಟಲು ಬಿಡುವ ಚಂದ್ರಿಕೆ ತಟ್ಟೆಗೆ ಅಂಟಿಸಿ ಹುಳು ತಲೆಯನ್ನು ದೂರ ಸರಿಸಿದಾಗ ಆ ಎಳೆತಕ್ಕೆ ಪ್ರೋಟೀನ್ ಕಣಗಳು ಉದ್ದಕ್ಕೆ ಸಾಲಾಗಿ ಗಟ್ಟಿ ನೂಲಾಗುತ್ತವೆ. ಸೆಕೆಂಡಿಗೆ ಸುಮಾರು ಒಂದು ಸೆಂಟಿಮೀಟರ್ ವೇಗ. ತಲೆಯಾಟ ನಿಂತರೆ ಎಳೆತ ನಿಂತಿತು, ನೂಲೂ ನಿಂತಿತು. ಹುಳುವಿನಿಂದ ಇನ್ನೂ ಜೋರಾಗಿ ನೂಲು ಎಳೆದು ನೋಡಿದ ಪ್ರಯೋಗವೊಂದು 2002ರಲ್ಲಿ ಪ್ರಕಟವಾಯಿತು. ನೂಲು ಹೆಚ್ಚು ಬಲಶಾಲಿಯಾಯಿತು, ಆದರೆ ಹಿಗ್ಗುವ ಗುಣ ಕಡಿಮೆಯಾಯಿತು.

ರಾಮದೇವರ ಬೆಟ್ಟದ ರಣಹದ್ದುಗಳು ರೆಕ್ಕೆ ಬಡಿಯದೆಯೇ ಮೇಲೇರುತ್ತವೆ. ಬಲ ಎಲ್ಲಿಂದ ಬರುತ್ತದೆ?
— ಶಿಕ್ಷಕಿ, ರಾಮನಗರ

ಬೆಟ್ಟದಿಂದಲೇ ಬರುತ್ತದೆ. ಆರು ಕಿಲೋ ತೂಗುವ ಉದ್ದಕೊಕ್ಕಿನ ರಣಹದ್ದಿಗೆ ಸದಾ ರೆಕ್ಕೆ ಬಡಿದು ಹಾರುವಷ್ಟು ಸ್ನಾಯುಬಲ ಇಲ್ಲ. ಅದು ಎರಡು ಮೀಟರಿಗೂ ಅಗಲವಾದ ರೆಕ್ಕೆ ಚಾಚಿ ಗಾಳಿಯಲ್ಲಿ ಜಾರುತ್ತದೆ. ಜಾರುವಾಗ ಸೆಕೆಂಡಿಗೆ ಸುಮಾರು ಒಂದು ಮೀಟರಿನಂತೆ ಕೆಳಗಿಳಿಯುತ್ತಲೇ ಇರುತ್ತದೆ. ಬಿಸಿಲೇರಿದಂತೆ ಬೋಳು ಬಂಡೆ ಕಾದು, ಅದರ ಮೇಲಿನ ಗಾಳಿ ಸೆಕೆಂಡಿಗೆ ಎರಡು ಮೂರು ಮೀಟರ್ ವೇಗದಲ್ಲಿ ಮೇಲೇರುತ್ತದೆ. ಹಕ್ಕಿ ಇಳಿಯುವುದಕ್ಕಿಂತ ಗಾಳಿ ಏರುವುದು ಬೇಗವಾದ್ದರಿಂದ ಒಟ್ಟಿನಲ್ಲಿ ಹಕ್ಕಿ ಮೇಲೇರುತ್ತದೆ. ಆ ಬಿಸಿಗಾಳಿಯ ಕಂಬದಿಂದ ಹೊರಬೀಳದಿರಲು ಸುತ್ತು ಹಾಕುತ್ತದೆ. ಬೆಳಗಿನ ಹೊತ್ತು ಅವು ಬಂಡೆಯ ಮೇಲೆ ಕೂತೇ ಇರುವುದಕ್ಕೂ ಇದೇ ಕಾರಣ. 2012ರಲ್ಲಿ ಈ ಬೆಟ್ಟವನ್ನು ರಣಹದ್ದು ಧಾಮ ಎಂದು ಘೋಷಿಸಲಾಯಿತು. ಮಕ್ಕಳನ್ನು ಕರೆದೊಯ್ದರೆ ಬಿಸಿಲೇರಿದ ಮೇಲೆ, ದೂರದಿಂದ, ಸದ್ದಿಲ್ಲದೆ ತೋರಿಸಿ.

ನಮ್ಮ ಜಮೀನು ಕಾಡಿನ ಅಂಚಿಗಿದೆ. ಆನೆ ಬಾರದಿರಲಿ ಎಂದು ಕಂದಕ ತೋಡಿದ್ದಾರೆ. ಕುರಿ ಮೇಕೆ ಹಾರುವ ಅಗಲವನ್ನು ಅಷ್ಟು ಬಲದ ಆನೆ ಹಾರಲಾರದೇ? ಹಾರಲಾರದು ಎನ್ನುವುದಾದರೆ ಮತ್ತೆ ದಾಟಿ ಬರುವುದು ಹೇಗೆ?
— ರೈತ, ಕನಕಪುರ ತಾಲ್ಲೂಕು

ಆನೆಗೆ ಬಲ ಸಾಲದೆಂದಲ್ಲ, ಭಾರ ಅದಕ್ಕಿಂತ ಹೆಚ್ಚು. ಇದನ್ನು ಗೆಲಿಲಿಯೋ 1638ರ ತನ್ನ ಪುಸ್ತಕದಲ್ಲೇ ಬರೆದಿಟ್ಟಿದ್ದಾನೆ. ಒಂದು ಪ್ರಾಣಿಯ ಉದ್ದ, ಅಗಲ, ಎತ್ತರ ಎಲ್ಲವನ್ನೂ ಎರಡು ಪಟ್ಟು ಮಾಡಿದರೆ ತೂಕ ಎಂಟು ಪಟ್ಟಾಗುತ್ತದೆ, ಆದರೆ ಮೂಳೆಯ, ಸ್ನಾಯುವಿನ ಅಡ್ಡಕೊಯ್ತದ ವಿಸ್ತೀರ್ಣ ನಾಲ್ಕೇ ಪಟ್ಟು. ಬಲ ಇರುವುದು ಈ ಅಡ್ಡಕೊಯ್ತದಲ್ಲಿ. 30 ಕಿಲೋ ಮೇಕೆಯನ್ನು ಅದೇ ಆಕಾರದಲ್ಲಿ 3,000 ಕಿಲೋಗೆ ಹಿಗ್ಗಿಸಿದರೆ ತೂಕ ನೂರು ಪಟ್ಟು, ಮೂಳೆಯ ಬಲ ಸುಮಾರು ಇಪ್ಪತ್ತೊಂದೂವರೆ ಪಟ್ಟು. ಅಂದರೆ ಮೂಳೆಯ ಪ್ರತಿ ಚದರ ಅಂಗುಲದ ಮೇಲೆ ನಾಲ್ಕೂವರೆ ಪಟ್ಟಿಗೂ ಮಿಗಿಲಾದ ಹೊರೆ.

ಆದ್ದರಿಂದಲೇ ಆನೆಯ ಕಾಲಿನ ರಚನೆ ಬೇರೆ. ಮೇಕೆಯ ಕಾಲು ಮಡಿಚಿಕೊಂಡು ನಿಂತಿರುತ್ತದೆ, ಆ ಮಡಿಕೆಯನ್ನು ಒಮ್ಮೆಲೇ ಬಿಚ್ಚಿದಾಗ ಮೇಕೆ ಚಿಮ್ಮುತ್ತದೆ. ಆನೆಯ ಕಾಲಿನ ಮೂಳೆಗಳು ಒಂದರ ಮೇಲೊಂದು ನೆಟ್ಟಗೆ ನಿಂತಿವೆ, ಭಾರ ಮೂಳೆಯಲ್ಲೇ ನೇರ ನೆಲಕ್ಕಿಳಿಯುತ್ತದೆ, ಸ್ನಾಯುವಿಗೆ ಶ್ರಮ ಕಡಿಮೆ. ಬಗ್ಗಿ ಚಿಮ್ಮಲು ಆ ಕಾಲು ಹೊಂದುವುದಿಲ್ಲ. ಥಾಯ್ಲೆಂಡಿನ ಆನೆಗಳ ಓಟವನ್ನು ಚಿತ್ರೀಕರಿಸಿ ಅಳೆದ ವಿಜ್ಞಾನಿಗಳು 2003ರಲ್ಲಿ ವರದಿ ಮಾಡಿದಂತೆ, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹೋಗುವಾಗಲೂ ಅವುಗಳ ಒಂದು ಪಾದವಾದರೂ ನೆಲದ ಮೇಲೆ ಇದ್ದೇ ಇರುತ್ತದೆ. ನಿಮ್ಮಿಂದ ತಪ್ಪಿಸಿಕೊಳ್ಳಲು ಅಥವಾ ನಿಮ್ಮನ್ನು ಹಿಡಿಯಲು ಆ ವೇಗ ಧಾರಾಳ ಸಾಕು, ಅದನ್ನು ಮರೆಯಬೇಡಿ. ಆದರೆ ಸುಮಾರು ಮೂರು ಮೀಟರ್ ಅಗಲ, ಮೂರು ಮೀಟರ್ ಆಳದ ಕಂದಕವನ್ನು ಅದು ಹಾರಲಾರದು. ಬಿದ್ದರೆ ತನ್ನ ಭಾರವೇ ತನ್ನ ಮೂಳೆ ಮುರಿಯಬಹುದು.

ದಾಟುವುದು ಹಾರಿ ಅಲ್ಲ, ಕಂದಕವನ್ನೇ ಮುಗಿಸಿ. ಮಳೆಗೆ ದಂಡೆ ಕುಸಿದ ಕಡೆ ಮುಂಗಾಲಿನಿಂದ ಮಣ್ಣು ನೂಕಿ ಇಳಿಜಾರು ಮಾಡಿಕೊಳ್ಳುತ್ತದೆ. ನಮ್ಮ ಸೀಮೆಯಲ್ಲಿ ಅಗೆದಲ್ಲೆಲ್ಲ ಬಂಡೆ, ಬಂಡೆ ಸಿಕ್ಕ ಕಡೆ ಕಂದಕ ಸಾಗುವುದೇ ಇಲ್ಲ. ಅಂಥ ಒಂದು ಕಿಂಡಿ ಸಾಕು, ಇಡೀ ಕಂದಕ ವ್ಯರ್ಥ. ರೈಲ್ವೆ ಕಂಬಿಯ ತಡೆಗೋಡೆ ಹಾಕುವುದು ಇಂಥ ಕಡೆಗಳಿಗಾಗಿ. ಕಂದಕ ತೋಡಿಸಲು ಅರ್ಜಿ ಕೊಟ್ಟಷ್ಟೇ ಪಟ್ಟು ಹಿಡಿದು ಪ್ರತಿ ಮಳೆಗಾಲದ ನಂತರ ದಂಡೆ ಸರಿಪಡಿಸಲು ಕೇಳಿ. ರಾತ್ರಿ ಒಬ್ಬರೇ ಕಾವಲಿಗೆ ಹೋಗಬೇಡಿ.

ಮೇಕೆದಾಟಿನಲ್ಲಿ ಹುಲಿ ಅಟ್ಟಿಸಿಕೊಂಡು ಬಂದಾಗ ಮೇಕೆಯೊಂದು ಕಾವೇರಿಯನ್ನೇ ಹಾರಿತು ಎನ್ನುತ್ತಾರೆ. ಲೆಕ್ಕದ ಪ್ರಕಾರ ಸಾಧ್ಯವೇ? ನಾವು ಗೆಳೆಯರು ರಜೆಯಲ್ಲಿ ಅಲ್ಲಿಗೆ ಹೋಗುವವರಿದ್ದೇವೆ.
— ಪದವಿ ವಿದ್ಯಾರ್ಥಿ, ಕನಕಪುರ

ನೆಲ ಬಿಟ್ಟ ಮೇಲೆ ರೆಕ್ಕೆಯಿಲ್ಲದ ಪ್ರಾಣಿ ತನ್ನ ದಾರಿ ಬದಲಿಸಲಾರದು. ಎಷ್ಟು ದೂರ ಹೋಗುತ್ತದೆ ಎಂಬುದು ನೆಗೆದ ಕ್ಷಣದ ವೇಗ ಮತ್ತು ಕೋನದಲ್ಲೇ ತೀರ್ಮಾನವಾಗಿರುತ್ತದೆ. 25 ಡಿಗ್ರಿ ಕೋನದಲ್ಲಿ ನೆಗೆದು 5 ಮೀಟರ್ ದಾಟಲು ಗಂಟೆಗೆ ಸುಮಾರು 29 ಕಿಲೋಮೀಟರ್ ವೇಗ ಬೇಕು. 10 ಮೀಟರ್ ದಾಟಲು 41. ಮನುಷ್ಯರಲ್ಲಿ ಈವರೆಗಿನ ವಿಶ್ವದಾಖಲೆಯ ಉದ್ದಜಿಗಿತ 1991ರಲ್ಲಿ ಟೋಕಿಯೊದಲ್ಲಿ ಮೈಕ್ ಪೊವೆಲ್ ಜಿಗಿದ 8.95 ಮೀಟರ್. ಅದೂ ಸಮತಟ್ಟಾದ ಓಟದ ದಾರಿ, ಮೆತ್ತನೆಯ ಮರಳು ಇದ್ದ ಕಡೆ. ನಾಲ್ಕೈದು ಮೀಟರ್ ಕಿರಿದಾದ ಕಡೆಯಲ್ಲಾದರೆ ಪ್ರಾಣಭಯದಿಂದ ಓಡಿಬಂದ ಮೇಕೆ ಹಾರಿತು ಎಂದು ನಂಬಲು ಭೌತವಿಜ್ಞಾನ ಅಡ್ಡಬರುವುದಿಲ್ಲ. ಅದಕ್ಕೂ ಅಗಲವಾದ ಕಡೆ ಆ ನೆಗೆತ ಕತೆಗೆ ಸೇರಿದ್ದು.

ನನಗೆ ಮೇಕೆಗಿಂತ ನಿಮ್ಮ ಪ್ರವಾಸದ ಚಿಂತೆ ಹೆಚ್ಚು. ಸಂಗಮದಲ್ಲಿ ಅರ್ಕಾವತಿಯನ್ನು ಕೂಡಿಕೊಂಡ ಕಾವೇರಿ ಮೇಕೆದಾಟಿನ ಇಕ್ಕಟ್ಟಿಗೆ ನುಗ್ಗುತ್ತದೆ. ದಾರಿ ಕಿರಿದಾದಷ್ಟೂ ನೀರಿನ ವೇಗ ಹೆಚ್ಚು, ವೇಗ ಎರಡು ಪಟ್ಟಾದರೆ ನೂಕು ನಾಲ್ಕು ಪಟ್ಟು. ಮಂಡಿಯುದ್ದ ನೀರಿನಲ್ಲಿ ನಿಂತವರ ಕಾಲುಗಳಿಗೆ ಸೆಕೆಂಡಿಗೆ ಒಂದು ಮೀಟರ್ ವೇಗದ ಹರಿವು ಸುಮಾರು 6 ಕಿಲೋ ತೂಕದಷ್ಟು ನೂಕು ಕೊಡುತ್ತದೆ. ಎರಡು ಮೀಟರ್ ವೇಗಕ್ಕೆ 25 ಕಿಲೋ, ಮೂರು ಮೀಟರ್ ವೇಗಕ್ಕೆ 55 ಕಿಲೋಗೂ ಹೆಚ್ಚು. ಅದೇ ಹೊತ್ತಿಗೆ ನೀರು ಮೈಯನ್ನು ಮೇಲೆತ್ತಿ ಪಾದದ ಮೇಲಿನ ಭಾರವನ್ನು ಇಳಿಸುತ್ತದೆ, ಭಾರ ಇಳಿದರೆ ಘರ್ಷಣೆಯೂ ಇಳಿಯುತ್ತದೆ. ಒಣನೆಲದಲ್ಲಿ ನಡೆಯಲೇ ಮೈತೂಕದ ಐದನೇ ಒಂದು ಭಾಗದಷ್ಟು ಘರ್ಷಣೆ ಬೇಕು. ಪಾಚಿ ಹಿಡಿದ ನುಣುಪು ಬಂಡೆ ಅಷ್ಟನ್ನೂ ಕೊಡದಿರಬಹುದು. ನೀರಿನಡಿ ಸುತ್ತುವ ಕಲ್ಲುಗಳು ಕೊರೆದ ಗುಂಡಿಗಳಿವೆ, ಮೇಲಿನಿಂದ ಅವು ಕಾಣುವುದಿಲ್ಲ. ಚೆನ್ನಾಗಿ ಈಜು ಬಲ್ಲವರನ್ನೂ ಅಲ್ಲಿನ ಸುಳಿ ಬಿಡುವುದಿಲ್ಲ.

ಹೋಗಿ, ಕಮರಿಯನ್ನು ಕಣ್ತುಂಬ ನೋಡಿ. ಒದ್ದೆ ಬಂಡೆಯ ಅಂಚಿಗೆ ಫೋಟೊ ತೆಗೆಯಲು ಹೋಗಬೇಡಿ, ನೀರಿಗೆ ಇಳಿಯಬೇಡಿ. ಗೆಳೆಯನೊಬ್ಬ ಜಾರಿದರೆ ಹಿಂದೆಯೇ ಹಾರಬೇಡಿ, ಹಗ್ಗ, ಕೋಲು, ಪಂಚೆ ಯಾವುದನ್ನಾದರೂ ದಡದಲ್ಲಿ ಮಲಗಿ ಚಾಚಿ. ಈ ಉತ್ತರವನ್ನು ಜೊತೆಗೆ ಬರುವ ಪ್ರತಿಯೊಬ್ಬರಿಗೂ ಹೊರಡುವ ಮೊದಲೇ ಓದಿ ಹೇಳಿ.